ಇನ್ನೊಂದು ಬೀಗದ ಕೈ

ಯುದ್ಧದಲ್ಲಿ ಮನೆ ಕಳೆದುಕೊಂಡು ಮಕ್ಕಳೊಂದಿಗೆ ಬಂದ ದರ್ಜಿ ಹೆಂಗಸಿಗೆ ಊರಿನ ನೆರವು ಸಂಘ ಎರಡು ಕೋಣೆಯ ಮನೆ ಕೊಡಿಸಿತ್ತು. ಸಂಘದಲ್ಲಿದ್ದ ಟೀಚರ್ ಒಬ್ಬರು ತಮ್ಮ ಬಳಿಯಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆದು, ಹೊತ್ತುಗೊತ್ತಿಲ್ಲದೆ ದಿನಸಿ ತಂದಿಡುತ್ತಿದ್ದರು. ಒಮ್ಮೆ ಇವಳು ಸ್ನಾನ ಮುಗಿಸಿ ಬಂದರೆ, ಟೀಚರ್ ಅಡುಗೆಮನೆಯಲ್ಲಿ ಡಬ್ಬಿ ಜೋಡಿಸುತ್ತಿದ್ದರು.

"ಅಕ್ಕಾ, ಆ ಕೀ ನನಗೆ ಕೊಟ್ಬಿಡಿ," ಎಂದಳು.

"ಯಾಕಮ್ಮ, ನನ್ನ ಮೇಲೆ ನಂಬಿಕೆ ಇಲ್ವಾ?"

"ತುಂಬಾ ಇದೆ. ಆದ್ರೆ ನೀವು ಬಂದಾಗ ಬಾಗಿಲು ನಾನೇ ತೆಗೀಬೇಕು."

ಟೀಚರ್ ಮುಖ ಸಪ್ಪಗಾಯಿತು. ಆದರೂ ಅವಳು ಚಾಚಿದ ಕೈ ಹಿಂತೆಗೆಯಲಿಲ್ಲ. ಕೊನೆಗೆ ಅವರು ಬೀಗದ ಕೈ ಕೊಟ್ಟರು.

ಮರುದಿನ ಯಾರೋ ಬಾಗಿಲು ತಟ್ಟಿದರು. ಹೊಲಿಗೆ ಬಿಟ್ಟೆದ್ದು ತೆಗೆದರೆ, ಟೀಚರ್. ತನ್ನೂರು ಬಿಟ್ಟ ಮೇಲೆ ಮೊದಲ ಸಲ ಅವಳು ಒಬ್ಬರನ್ನು ಮನೆಗೆ ಕರೆದಳು: "ಬನ್ನಿ ಅಕ್ಕಾ, ಒಳಗೆ ಬನ್ನಿ."