ಏಮಾವತಿ ಅಂದರೂ ಸಿಗಬೇಕು

ನೆನೆಸಿದ ಅವರೆಕಾಳು ಹಿತುಕುತ್ತಾ ಪಡಸಾಲೆಯಲ್ಲಿ ಕೂತಿದ್ದೆ. ಎದುರುಮನೆಯಾಕೆ ಬಾಗಿಲಿಗೆ ಬಂದು, "ಆಸ್ಪತ್ರೆ ಚೀಟಿ ಅಣ್ಣ ಓಗ್ಬುಟ್ರಂತೆ ಕಣ್ರೀ. ಬೆಳಿಗ್ಗೇನೇ ಅವ್ರೂರು ಗಾವಡಗೆರೆಗೆ ತಗಂಡೋಗಿ ಮಣ್ಣೂ ಮಾಡುದ್ರಂತೆ" ಅಂದರು. ನನ್ನ ಕಣ್ಣಿಗೆ ಮೊದಲು ಬಂದದ್ದು ಚೀಟಿ ಅಣ್ಣನ ಬಲಗೈಯ ತೋರುಬೆರಳು. ಉಗುರಿನ ಸುತ್ತ ಕೆಂಪು ಶಾಯಿ ಇಳಿದು, ಎಷ್ಟು ತೊಳೆದರೂ ಹೋಗದೆ, ಈಗ ತಾನೇ ಯಾರಿಗೋ ಕುಂಕುಮ ಇಟ್ಟು ಬಂದವರ ಬೆರಳಿನ ಹಾಗಿರುತ್ತಿತ್ತು.

ಹುಣಸೂರಿನ ಒಂದು ಧರ್ಮಾಸ್ಪತ್ರೆಯಲ್ಲಿ ಅವರು ಚೀಟಿ ಬರೆಯುವವರು. ಕಿಟಕಿಯೊಳಗೆ ಕೂತು ಹೆಸರು, ಊರು ಕೇಳಿ, ಹಿಂದಿನ ಬೀರುವಿನಿಂದ ರೋಗಿಯ ಹಳೆಯ ಕಾರ್ಡು ಹುಡುಕಿ ಡಾಕ್ಟರ ಮೇಜಿಗೆ ಕಳಿಸುವುದು ಕೆಲಸ. ಯಾರಿಗಾದರೂ ಯಾವುದಾದರೂ ಔಷಧಿ ಆಗದಿದ್ದರೆ ಕಾರ್ಡಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ನನ್ನ ಮಗಳು ಹೇಮಾವತಿಯ ಕಾರ್ಡಿಗೂ ಆ ಕೆಂಪು ಅಕ್ಷರ ಬಿದ್ದಿತ್ತು. ಮೂರು ವರ್ಷದವಳಿದ್ದಾಗ ಒಂದು ಇಂಜೆಕ್ಷನ್ ಕೊಟ್ಟ ಗಳಿಗೆಗೆ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಸಿಕ್ಕಿಕೊಂಡಿತ್ತು. ಚಾಮುಂಡಿ ತಾಯಿ ಕೈಬಿಡಲಿಲ್ಲ, ಮಗು ಉಳಿಯಿತು. "ಇನ್ನೊಂದು ಸಲ ಕೊಟ್ಟರೆ ಕಷ್ಟ" ಅಂತ ಡಾಕ್ಟರು ಹೇಳಿದ್ದರು.

ಚೀಟಿ ಅಣ್ಣ ದೊಡ್ಡ ದನಿಯ ಮನುಷ್ಯರಲ್ಲ. ಸಾಲು ಮುರಿದು ನುಗ್ಗಿದವರನ್ನು ಮಾತ್ರ ಬಿಡುತ್ತಿರಲಿಲ್ಲ. "ಯಾಕ್ಲಾ, ನಿನ್ ಕಾಯ್ಲೆ ಹನ್ನೊಂದು ಗಂಟೆ ಬಸ್ಸಿಗೆ ಹೋಗ್ಬೇಕಾ?" ಅನ್ನುವರು. ಸಾಲಿನಲ್ಲಿದ್ದವರು ನೋವು ಮರೆತು ನಗುವರು.

ಆಸ್ಪತ್ರೆಗೆ ಕಂಪ್ಯೂಟರ್ ತರಬೇಕು, ಬೀರುವಿನ ಕಾರ್ಡುಗಳನ್ನೆಲ್ಲ ಅದರೊಳಗೆ ಹಾಕಿಬಿಡಬೇಕು ಅಂತ ಕಮಿಟಿಯವರು ತೀರ್ಮಾನ ಮಾಡಿದರು. ಮೈಸೂರಿನ ಮೂರು ಕಂಪನಿಯವರು ಮೂರು ಥರದ ಸಾಫ್ಟ್‌ವೇರ್ ತೋರಿಸಲು ಒಪ್ಪಿದರು. ದೊಡ್ಡ ಡಾಕ್ಟರು ಚೀಟಿ ಅಣ್ಣನನ್ನು ಕರೆದು, "ಕಿಟಕೀಲಿ ಕೂತವರು ನೀವು, ಯಾವುದು ಆಗುತ್ತೆ ಅಂತ ನೀವೇ ನೋಡಿ ಹೇಳಿ" ಅಂದರಂತೆ. ಅವರು ಅಲ್ಲಿಯವರೆಗೆ ಕಂಪ್ಯೂಟರ್ ಮುಟ್ಟಿದವರಲ್ಲ. ಆಗೆಲ್ಲ ನಮ್ಮೂರಲ್ಲಿ ಕಂಪ್ಯೂಟರ್ ಅಂದರೆ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಗಾಜಿನ ಕೋಣೆಯಲ್ಲಿ ಇರುವಂಥದ್ದು, ದೇವಸ್ಥಾನದ ಹಾಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಆ ವಯಸ್ಸಿನಲ್ಲಿ ಇವರೂ ದಿನಾ ಸಂಜೆ ಚಪ್ಪಲಿ ಬಿಟ್ಟು ಹೋಗಿ ಕಲಿತರು. ಅದರ ಜೊತೆಗೇ ಒಂದು ತಿಂಗಳು, ಕಿಟಕಿಗೆ ಬಂದವರು ಹೆಸರನ್ನು ಹೇಗೆ ಹೇಳಿದರೋ ಹಾಗೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರು.

"ಇದ್ಯಾಕಣ್ಣ?" ಅಂತ ಕೇಳಿದ್ದೆ.

"ನಮ್ಮ ಕಡೆ ಹೊನ್ನಮ್ಮ ಅಂತ ಒಬ್ರಾದ್ರೂ ಹೇಳ್ತಾರೇನಮ್ಮ? ಎಲ್ಲಾ ಒನ್ನಮ್ಮನೇ. ನನಗೆ ಗೊತ್ತು, ಹಳೇ ಕಾರ್ಡು ತೆಗೆದುಕೊಡ್ತೀನಿ. ಆ ಡಬ್ಬಕ್ಕೆ ಹೇಗೆ ಗೊತ್ತಾಗ್ಬೇಕು?" ಅಂದವರು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. "ಸ್ಕೂಲಲ್ಲಿ ಹಾಲಿಗೆ ಆಲು ಅಂದೆ ಅಂತ ಮೇಷ್ಟ್ರು ಬೆಂಚಿನ ಮೇಲೆ ನಿಲ್ಸಿದ್ರು. ಆಮೇಲೆ ಹೆದ್ರಿಕೆಗೆ ಊಟಕ್ಕಿಕ್ಕೋ ಅಕ್ಕೀನೂ ಹಕ್ಕಿ ಅಂತಿದ್ದೆ. ಅದಕ್ಕೂ ನಿಲ್ಸಿದ್ರು."

ಕಂಪನಿಯವರು ತೋರಿಸುವ ದಿನ ನಮ್ಮತ್ತೆಯನ್ನೂ ನನ್ನನ್ನೂ ಚೀಟಿ ಅಣ್ಣ ಬರಹೇಳಿದ್ದರು. ಮೂರು ಕಂಪನಿಯವರಿಗೂ ಕಂಪ್ಯೂಟರಿಗೆ ತುಂಬಲು ಇನ್ನೂರು ಹಳೆಯ ಕಾರ್ಡುಗಳನ್ನು ಮೊದಲೇ ಕೊಟ್ಟಿದ್ದರು, ಮಗಳದ್ದೂ ಅದರಲ್ಲಿತ್ತು. ಮೊದಲನೆಯ ಕಂಪನಿಯವರದು ನೋಡಲು ಬಲು ಚೆಂದ. ಬಣ್ಣಬಣ್ಣದ ಪರದೆ, ರೋಗಿಯ ಫೋಟೋ ಕೂಡ ಬರುತ್ತಿತ್ತು. ಕಮಿಟಿಯ ಅಧ್ಯಕ್ಷರು ಆಗಲೇ ತಲೆದೂಗಿಬಿಟ್ಟರು. ಚೀಟಿ ಅಣ್ಣ ನಮ್ಮತ್ತೆಯನ್ನು ಮುಂದೆ ಕೂರಿಸಿ, "ಅವ್ವಾ, ಮೊಮ್ಮಗಳ ಹೆಸರು ಹೇಳವ್ವಾ" ಅಂದರು.

"ಏಮಾವತಿ ಕಣಪ್ಪ."

ಕಂಪನಿಯಾತ ಕೇಳಿದ ಹಾಗೇ ಒತ್ತಿದ. ಅಂಥ ಹೆಸರಿಲ್ಲ ಅಂತ ಬಂತು. ಗಳಿಗೆಯಲ್ಲಿ ಹೊಸ ಕಾರ್ಡೂ ತೆರೆದುಕೊಂಡಿತು. ಅಚ್ಚ ಬಿಳಿ, ಕೆಂಪಿನ ಸುಳಿವೇ ಇಲ್ಲ.

"ಹೆಸರು ಸರಿಯಾಗಿ ಹೇಳ್ಬೇಕು ಸಾರ್" ಅಂದ ಆತ.

ನಮ್ಮತ್ತೆಗೆ ಸಿಟ್ಟು ಬಂತು. "ಸರ್ಯಾಗೇ ಏಳ್ದ್ನಲ್ಲಪ್ಪ! ಎಸ್ರಿಟ್ಟೋಳೇ ನಾನು!"

ಎಲ್ಲರೂ ನಕ್ಕರು. ಚೀಟಿ ಅಣ್ಣ ನಗಲಿಲ್ಲ. ಬೀರುವಿನಿಂದ ಮಗಳ ಹಳೆಯ ಕಾರ್ಡನ್ನು ತಂದು ಕೆಂಪು ಅಕ್ಷರ ಕಾಣುವ ಹಾಗೆ ಅಧ್ಯಕ್ಷರ ಮುಂದಿಟ್ಟರು. ಎರಡನೆಯ ಕಂಪನಿಯವರದು ಕನ್ನಡ ಅಕ್ಷರವನ್ನೇ ಬರೆಯುತ್ತಿತ್ತು, ಆದರೆ ಏಮಾವತಿಯನ್ನು ಅದೂ ಗುರುತು ಹಿಡಿಯಲಿಲ್ಲ. ಮೂರನೆಯದು ಕಪ್ಪು ಪರದೆಯ ಮೇಲೆ ಬರೀ ಅಕ್ಷರ, ನೋಡಿದರೆ ಮಂಕು. ಅದರಲ್ಲೂ ಮೊದಲು ಹೆಸರು ಸಿಗಲಿಲ್ಲ. ಆದರೆ ಊರೂ ಅಪ್ಪನ ಹೆಸರೂ ಕೊಟ್ಟರೆ ಹುಡುಕಿ ಪಟ್ಟಿ ತೆಗೆಯಿತು. "ಕರೆಯೋ ಹೆಸರು ಅಂತ ಇನ್ನೊಂದು ಜಾಗ ಮಾಡ್ಕೊಡ್ತೀರಾ? ಕೆಂಪು ಮಾತು ಎಲ್ಲಕ್ಕಿಂತ ಮೊದಲು ಕಾಣ್ಬೇಕು, ಆಗುತ್ತಾ?" ಅಂತ ಇವರು ಕೇಳಿದರು. ಮೂರನೆಯವರು ತಲೆ ಕೆರೆದುಕೊಂಡು, "ಹದಿನೈದು ದಿನ ಕೊಡಿ" ಅಂದರು. ಮೊದಲಿನವರಿಬ್ಬರೂ ಆಗುವುದಿಲ್ಲ ಅಂದಿದ್ದರು.

ಅಧ್ಯಕ್ಷರಿಗೆ ಬಣ್ಣದ್ದರ ಮೇಲೇ ಮನಸ್ಸು. ಆಗ ಚೀಟಿ ಅಣ್ಣ ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಯಾವುದು ಚೆಂದ ಅಂತ ನೋಡ್ಬೇಡಿ ಸ್ವಾಮಿ, ಕಿಟಕೀಲಿ ಯಾರು ನಿಂತವ್ರೆ ಅಂತ ನೋಡಿ. ಬಣ್ಣದ್ದೇ ಬೇಕು ಅಂದ್ರೆ ತಗೊಳ್ಳಿ. ನಾಳೆ ಒಂದು ಮಗು ಹೋದ್ರೆ ಅದರ ತಾಯಿಗೆ ನೀವೇ ಹೇಳ್ಬೇಕು, ನಾನು ಹೇಳಲ್ಲ."

ದೊಡ್ಡ ಡಾಕ್ಟರು ಮಂಕು ಪರದೆಯದಕ್ಕೇ ಕೈ ತೋರಿಸಿದರು. ಅದು ಬಂದ ಮೇಲೆ ಚೀಟಿ ಅಣ್ಣ ತಮ್ಮ ಪುಸ್ತಕ ನೋಡಿಕೊಂಡು ಎಲ್ಲರ ಕರೆಯೋ ಹೆಸರನ್ನೂ ತುಂಬಿಸಿದರು.

ಅದಾಗಿ ಒಂದು ವರ್ಷವೂ ಕಳೆದಿರಲಿಲ್ಲ. ತಮ್ಮನ ಮಗುವಿನ ನಾಮಕರಣಕ್ಕೆ ನಾನು ಹನಗೋಡಿಗೆ ಹೋಗಿದ್ದೆ. ಇಲ್ಲಿ ಮಗಳಿಗೆ ಗಂಟಲು ಬಾತು ಜ್ವರ ಏರಿತು. ಅತ್ತೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅವತ್ತು ಚೀಟಿ ಅಣ್ಣ ರಜೆ. ಕಿಟಕಿಯಲ್ಲಿ ಹೊಸಬಳು, ಒಳಗೆ ಹೊಸ ಡಾಕ್ಟರು. ಅತ್ತೆ ಕಿಟಕಿಯಲ್ಲಿ ಹೆಸರು ಹೇಳುತ್ತಿದ್ದಂತೆ ಡಾಕ್ಟರು ಜ್ವರ ನೋಡಿ ಚೀಟಿಗೆ ಕಾಯದೆ ಒಳಗೆ ಕರೆದರು. ಹಿಂದೆ ಏನಾದರೂ ತೊಂದರೆ ಆಗಿತ್ತಾ ಅಂತ ಅವರು ಕೇಳಿದರೆ, ಗಾಬರಿಯಲ್ಲಿ ಅತ್ತೆ "ಏನೂ ಇಲ್ಲ ಕಣಪ್ಪ" ಅಂದುಬಿಟ್ಟಿದ್ದಾರೆ. ಅದೇ ಇಂಜೆಕ್ಷನ್ ಬರೆದಾಗಿತ್ತು, ನರ್ಸು ಔಷಧಿ ಎಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹೊರಗೆ ಕಿಟಕಿಯ ಹುಡುಗಿ ಏಮಾವತಿ ಅಂತ ಒತ್ತಿದ್ದಾಳೆ. ಹೇಮಾವತಿ ಬಂತು. ಅದರ ತಲೆಯ ಮೇಲಿನ ಎಚ್ಚರಿಕೆಯೂ ಬಂತು. ಆಕೆ ಎದ್ದು ಒಳಗೆ ಓಡಿ, "ಬ್ಯಾಡಿ ಸಾರ್!" ಅಂತ ಕೂಗಿದ್ದಳಂತೆ. ಬೇರೆ ಔಷಧಿ ಕೊಟ್ಟು ಕಳಿಸಿದರು.

ಊರಿಂದ ಬಂದವಳೇ ವಿಷಯ ಕೇಳಿ ದೇವರ ಮುಂದೆ ಕೂತು ಕಣ್ಣೀರಿಟ್ಟೆ. ಮಾರನೆಯ ದಿನ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು ಇಟ್ಟುಕೊಂಡು ಕಿಟಕಿಗೆ ಹೋದೆ. ಚೀಟಿ ಅಣ್ಣ ಗಾಬರಿಯಾಗಿ ಎದ್ದು ನಿಂತರು.

"ನನಗ್ಯಾಕಮ್ಮ ಇದೆಲ್ಲ? ನಾನು ಊರಲ್ಲೇ ಇರ್ಲಿಲ್ಲ. ಹೆಸರು ಹೇಳಿದ್ದು ನಿಮ್ಮತ್ತೆ, ಓಡಿದ್ದು ಆ ಹುಡುಗಿ."

ಒತ್ತಾಯಕ್ಕೆ ಒಂದು ಬಾಳೆಹಣ್ಣು ತೆಗೆದುಕೊಂಡರು. ಅದನ್ನೂ ಸಾಲಿನಲ್ಲಿ ಅಳುತ್ತಿದ್ದ ಕೂಸಿಗೆ ಸುಲಿದುಕೊಟ್ಟರು.

ನಾನು ಹೆಚ್ಚು ಓದಿದವಳಲ್ಲ. ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಸಣ್ಣ ಉಪಕಾರಗಳನ್ನು ಒಂದೊಂದಾಗಿ ನೆನೆಯುವುದು ನನ್ನ ಪದ್ಧತಿ. ಬಸ್ಸು ಸಿಕ್ಕಿದ್ದು, ಹಾಲು ಒಡೆಯದಿದ್ದದ್ದು, ಅತ್ತೆಯ ಮಂಡಿನೋವು ತಗ್ಗಿದ್ದು. ಅವುಗಳ ಜೊತೆಗೆ ಚೀಟಿ ಅಣ್ಣನನ್ನೂ ನೆನೆಯುತ್ತಾ ಬಂದಿದ್ದೇನೆ. ಅವರ ಮುಖ ಕೊನೆಯ ಸಲ ನೋಡಲು ಆಗಲಿಲ್ಲ, ಅದೊಂದು ನೋವು ಉಳಿಯಿತು.

ಎದುರುಮನೆಯಾಕೆ ಹೋದ ಮೇಲೆ ಕೈ ತೊಳೆದು, ಗಾವಡಗೆರೆಯ ದಿಕ್ಕಿಗೆ ನಿಂತು ಕೈಮುಗಿದೆ. ಮಗಳು ಕಾಲೇಜಿನಿಂದ ಬರುವ ಹೊತ್ತಾಗಿತ್ತು. ಒಳಗೆ ಹೋಗಿ ಅವಳದೂ ಸೇರಿಸಿ ಮುದ್ದೆಗೆ ಎಸರಿಟ್ಟೆ.