ವಾಲ್ವುಗಳ ಹಿಂದೆ ಅಪ್ಪ

ಬಿಸಿ ರಾಳದ ವಾಸನೆ ಎಲ್ಲಿ ಬಂದರೂ ನನಗೆ ಬಿಳಿಗೆರೆಯ ನಮ್ಮ ಹಳೇ ಮನೆ ನೆನಪಾಗುತ್ತದೆ. ಆ ಮನೆ ಈಗಿಲ್ಲ. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ, ಕೆಳಗೆ ಅಪ್ಪನ ಮೇಜು, ಸಾಲ್ಡರಿನ ಹೊಗೆ. ಎರಡೂ ಬೆರೆತ ವಾಸನೆ ನನ್ನ ಲಂಗಗಳಿಗೂ ಹತ್ತಿರುತ್ತಿತ್ತು. ತೋಟದ ಕೆಲಸ ಮುಗಿಸಿದವನೇ ಅಪ್ಪ ತಗಡು ಬಗ್ಗಿಸಿ, ತಂತಿ ಸುತ್ತಿ, ಮೈಕ್ ಸೆಟ್ಟಿನವರಿಗೆ ಆಂಪ್ಲಿಫೈಯರ್ ಕಟ್ಟಿಕೊಡುತ್ತಿದ್ದ. ಅದರೊಳಗಿನ ಬಲ್ಬಿನಂಥ ಗಾಜಿನ ವಾಲ್ವುಗಳು ಕಾದು ಒಳಗೆ ಕೆಂಪಗಾಗುವುದನ್ನು ಅವನು ನೋಡುತ್ತಿದ್ದ ಹಾಗೆ ನಮ್ಮನ್ನು ನೋಡಿದ್ದು ನನಗೆ ನೆನಪಿಲ್ಲ. ಸುಳ್ಳೇಕೆ ಹೇಳಲಿ, ಆ ಬುರುಡೆಗಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು.

ಕಟ್ಟಿದ್ದೆಲ್ಲ ಯಾರದೋ ಮನೆ ಸೇರುತ್ತಿತ್ತು. ಹಾಗಾಗಿ ದಂಡಿನಶಿವರದವರು ಮಾಡಿಸಿದ ದೊಡ್ಡ ಸೆಟ್ಟನ್ನು ಕೊಡುವ ಮೊದಲು ಅದರದೊಂದು ಫೋಟೋ ಬೇಕೆಂದು ಅಪ್ಪನಿಗೆ ಆಸೆಯಾಯಿತು. ತಿಪಟೂರಿನ ಸ್ಟುಡಿಯೋದಲ್ಲಿದ್ದ ಅಮ್ಮನ ತಮ್ಮ, ನನ್ನ ಮಾವ, ಕ್ಯಾಮೆರಾ ತಂದ. ಅಮ್ಮನ ಆಸೆಯೇ ಬೇರೆ. ಮದುವೆಯಲ್ಲೂ ಫೋಟೋ ತೆಗೆಸಿರದ ಗಂಡನದು ಒಂದಾದರೂ ಪಟ ಮನೆಯಲ್ಲಿರಲಿ ಎಂದು ಅವಳು ಹಠ ಹಿಡಿದಳು. ರೀಲಿನಲ್ಲಿ ಉಳಿದಿದ್ದದ್ದು ಒಂದೇ ಫೋಟೋ. ಫ್ಲ್ಯಾಶ್ ಹಾಕಿದರೆ ವಾಲ್ವಿನ ಕೆಂಪು ಕಾಣುವುದಿಲ್ಲ, ಹಾಕದಿದ್ದರೆ ಅರವತ್ತು ಎಣಿಸುವ ತನಕ ಕ್ಯಾಮೆರಾದ ಕಣ್ಣು ತೆರೆದೇ ಇಡಬೇಕು, ಅಷ್ಟು ಹೊತ್ತೂ ಅಲ್ಲಾಡದೆ ಕೂರಬೇಕು ಎಂದ ಮಾವ. ಅಪ್ಪ ಕೂರಲು ಒಪ್ಪಿದ. ಅಮ್ಮ ಅವನಿಗೆ ಗಂಜಿ ಹಾಕಿದ ಬಿಳಿ ಅಂಗಿ ತೊಡಿಸಿ, ತಾನೇ ತಲೆ ಬಾಚಿ, ಸೆಟ್ಟಿನ ಹಿಂದೆ ಕೂರಿಸಿದಳು. ಮಧ್ಯಾಹ್ನದ ಬಿಸಿಲು ಬರದಂತೆ ಕಿಟಕಿಗೆ ಗೋಣಿಚೀಲ ಕಟ್ಟಿದೆವು. ಗವಾಕ್ಷಿಯಿಂದ ಒಂದಿಷ್ಟು ಬೆಳಕು ಮಾತ್ರ ಬೀಳುತ್ತಿತ್ತು. ಮಾವ ಎಣಿಸತೊಡಗಿದ. ಹತ್ತಕ್ಕೋ ಹನ್ನೆರಡಕ್ಕೋ ಸೆಟ್ಟು ಗುಂಯ್ ಎಂದಿತು. ಅಪ್ಪನಿಗೆ ತಡೆಯಲಾಗಲಿಲ್ಲ. ತಂತಿ ಎಲ್ಲೋ ಸಡಿಲವಾಗಿದೆ ಎಂದು ಎದ್ದು ಗೋಡೆಯ ಪ್ಲಗ್ಗಿನ ಕಡೆ ಹೋಗೇಬಿಟ್ಟ.

"ಒಂದು ಗಳಿಗೆ ಕೂರಕ್ಕಾಗ್ಲಿಲ್ವಾ ನಿಮ್ಗೆ?" ಎಂದು ಅಮ್ಮ ಅತ್ತಳು.

"ಇನ್ನೊಂದ್ಸಲ ಕೂತ್ಕತೀನಿ ಬುಡು" ಎಂದ ಅಪ್ಪ, ನಾಚಿಕೊಂಡು.

ಫೋಟೋ ಬಂತು. ವಾಲ್ವುಗಳು ಒಂದೊಂದೂ ಸ್ಪಷ್ಟ, ಒಳಗಿನ ತಂತಿಯನ್ನೂ ಎಣಿಸಬಹುದು. ಅವುಗಳ ಹಿಂದೆ ಹೊಗೆಯಂಥ ಮಬ್ಬು. ಅಂಗಿಯ ಕಾಲರು ಗೊತ್ತಾಗುತ್ತದೆ, ಮುಖವಿಲ್ಲ. ಮಾವ ಮತ್ತೆ ಕ್ಯಾಮೆರಾ ತರುವ ಮೊದಲೇ, ಆ ಮಳೆಗಾಲದಲ್ಲಿ, ಕಾಮಾಲೆಯಾಗಿ ಅಪ್ಪ ತೀರಿಕೊಂಡ. ಪಟವಿಲ್ಲದೆ ಹೋದವರು ನಿಮ್ಮ ಮನೆಯಲ್ಲೂ ಇರಬಹುದು. ಅವರ ಮುಖ ಎಲ್ಲಿ ಮರೆತುಹೋಗುತ್ತದೋ ಎಂಬ ಭಯ ನಿಮಗೂ ಗೊತ್ತಿರುತ್ತದೆ.

ಅಮ್ಮ ಆ ಫೋಟೋಗೇ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು, ಹೂವಿಟ್ಟಳು. ನೋಡಲು ಬಂದ ನೆಂಟರ ಹೆಂಗಸೊಬ್ಬಳು, ಇದೇನು ಮಿಷಿನ್ನಿಗೆ ಹೂವು ಮುಡಿಸಿದ್ದೀಯಲ್ಲ, ಅವರೆಲ್ಲಿ ಎಂದು ಕೇಳಿದಳು. ಅಮ್ಮ ಗಾಜಿನ ಮೇಲೆ, ಆ ಮಬ್ಬಿನ ಮೇಲೆ ಬೆರಳಿಟ್ಟಳು.

"ಇಲ್ಲೇ ಅವ್ರೆ ನೋಡವ್ವ. ಎದ್ದೋಗ್ತಾವ್ರೆ."