ಮಗ್ಗ ನಿಂತಾಗ ಕೇಳಿಸಿದ್ದು

ಬೆಟಗೇರಿಯ ನೇಕಾರ್ತಿ ಶಾಂತವ್ವನವರ ಮನೆಯಲ್ಲಿ ಸೀರೆ ಆರಿಸುತ್ತಿದ್ದೆ. ಕರೆಂಟ್ ಹೋಗಿ ನಾಲ್ಕೂ ಪವರ್‌ಲೂಮ್ ಗಕ್ಕನೆ ನಿಂತವು. ಒಳಗಿನ ತೊಟ್ಟಿಲಲ್ಲಿ ಮಗು ಚೀರಿ ಅಳುವುದು ಆಗ ಕೇಳಿಸಿತು. ಎಷ್ಟು ಹೊತ್ತಿನಿಂದ ಅಳುತ್ತಿತ್ತೋ! ಶಾಂತವ್ವ ಮಾತ್ರ ನಿಶ್ಚಿಂತೆಯಿಂದ ಸೀರೆ ಮಡಚುತ್ತಿದ್ದರು.

“ಶಾಂತವ್ವಾರ, ಮಮ್ಮಗ ಅಳಾಕತ್ತಾನ್ರಿ!” ಎಂದೆ. ಅವರು ನನ್ನ ತುಟಿಯನ್ನೇ ದಿಟ್ಟಿಸಿದರು. ಮಗ್ಗದ ಸದ್ದಿಗೆ ಅವರ ಕಿವಿ ಹೋಗಿದೆಯೆಂದು ಆಗ ತಿಳಿಯಿತು. ತೊಟ್ಟಿಲ ಕಡೆ ಕೈ ತೋರಿಸಿದೆ. ಓಡಿಹೋಗಿ ಎತ್ತಿಕೊಂಡು ಬಂದರು.

“ಕೈಮಗ್ಗ ಇದ್ದಾಗ ಕಾಲು ಸೋಲತಿದ್ವು, ಖರೆ. ಆದ್ರ ಕೂಸು ಕುಂಯ್ ಅಂದ್ರೂ ಕೇಳತಿತ್ರಿ.”

ಯಂತ್ರ ಬಂದು ನೇಕಾರರ ದುಡಿಮೆ ಹಗುರಾಯಿತು ಎಂದು ನಾನೂ ಹೇಳುತ್ತಿದ್ದವಳೇ. ಅಷ್ಟರಲ್ಲಿ ಕರೆಂಟ್ ಬಂತು, ಮಗ್ಗಗಳು ಮತ್ತೆ ಅಬ್ಬರಿಸಿದವು. ಮಗುವಿನ ಬಾಯಿ ತೆರೆದೇ ಇತ್ತು. ಅಳು ನನಗೂ ಕೇಳಿಸಲಿಲ್ಲ.